ತ್ರಿಶೂಲದ ಕೆಳಗಿನ ತಾರೀಖು

ನಮಸ್ಕಾರ.

ಉಕ್ರೇನಿನ 1918ರ ತಾತ್ಕಾಲಿಕ ಅಂಚೆಚೀಟಿಗಳ, ಅಂದರೆ ತ್ರಿಶೂಲದ ಮುದ್ರೆ ಒತ್ತಿದ ಹಳೆಯ ರಷ್ಯನ್ ಚೀಟಿಗಳ, ಬಗ್ಗೆ ನೀವು ಕಳುಹಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಹನ್ನೊಂದು ಪುಟಗಳ ನಡುವೆ ಎಲ್ಲೋ ಸಿಕ್ಕಿಕೊಂಡಿರುವ ಒಂದು ಪ್ಯಾರಾ ನನ್ನನ್ನು ಎರಡು ದಿನ ಬಿಡಲಿಲ್ಲ. ಈ ಉದ್ದದ ಪತ್ರ ಅದರಿಂದಾಗಿಯೇ.

ಮೊದಲ ಮೂರು ಪುಟಗಳನ್ನು ಮರುಗದೆ ತೆಗೆದುಹಾಕಿ. ಅಂಚೆಚೀಟಿ ಇತಿಹಾಸದ ಕಿಟಕಿ ಎಂದು ಮೂರು ಕಡೆ ಹೇಳಿದ್ದೀರಿ, ಕಿಟಕಿಯಾಚೆ ಏನಿದೆ ಎಂದು ಒಂದು ಕಡೆಯೂ ಹೇಳಿಲ್ಲ. ತ್ರಿಶೂಲ ಕಂಡದ್ದೇ ತಡ, ಶಿವನ ಬೆನ್ನು ಹತ್ತಿ ಒಂದು ಪುಟ ನಡೆದುಬಿಟ್ಟಿದ್ದೀರಿ. ಅದು ಕೀವ್‌ನ ದೊರೆ ವೊಲೊದಿಮಿರ್‌ನ ನಾಣ್ಯಗಳ ಮೇಲಿದ್ದ ಗುರುತು. 1918ರಲ್ಲಿ ಹೊಸ ಗಣರಾಜ್ಯ ಅದನ್ನೇ ತನ್ನ ಲಾಂಛನ ಮಾಡಿಕೊಂಡಿತು. ಇಷ್ಟು ಹೇಳಿ ಮುಂದೆ ಹೋಗಬಹುದಿತ್ತು.

ಓದುಗ ನಿಜಕ್ಕೂ ಕೇಳುವ ಪ್ರಶ್ನೆ ಬೇರೆ: ಇದ್ದ ಚೀಟಿಯ ಮೇಲೆ ಮತ್ತೊಂದು ಮುದ್ರೆ ಒತ್ತುವ ಗರಜು ಏನಿತ್ತು? ಆ ಒಂದೇ ವರ್ಷದಲ್ಲಿ ಕೀವ್ ನಗರ ಕೇಂದ್ರ ರಾದಾ ಎಂಬ ಪ್ರತಿನಿಧಿ ಸಭೆ, ಹೆಟ್ಮನ್ ಎಂಬ ಬಿರುದು ಹೊತ್ತು ಆಳಿದ ಸ್ಕೊರೊಪಾದ್‌ಸ್ಕಿ, ಡಿರೆಕ್ಟರಿ ಎಂಬ ಸಮಿತಿ ಎಂದು ಸರ್ಕಾರದ ಮೇಲೆ ಸರ್ಕಾರ ಕಂಡಿತು. ಅಂಚೆ ಕಚೇರಿಗಳಲ್ಲಿ ಮಾತ್ರ ಬಹುಮಟ್ಟಿಗೆ ರಷ್ಯನ್ ದೊರೆ ತ್ಸಾರನ ಕಾಲದ ಚೀಟಿಗಳೇ ನಡೆಯುತ್ತಿದ್ದವು. ಅಂಥ ಚೀಟಿಗಳನ್ನು ರಷ್ಯಾದಿಂದ ಯಾರು ಬೇಕಾದರೂ ಹೊತ್ತು ತರಬಹುದಿತ್ತು. ಕಾಗದ ಸಾಗಿಸುವ ಖರ್ಚು ಉಕ್ರೇನಿನದು, ಚೀಟಿ ಮಾರಿದ ಹಣ ಇನ್ನೊಬ್ಬರದು. ಈ ಸೋರಿಕೆ ತಡೆಯಲು ಆಗಸ್ಟ್‌ನಲ್ಲಿ ಹಳೆಯ ದಾಸ್ತಾನಿನ ಮೇಲೆ ತ್ರಿಶೂಲ ಒತ್ತಿಸಿದರು. ಕೀವ್, ಒಡೆಸಾ, ಖಾರ್ಕಿವ್, ಪೊಲ್ತಾವಾ, ಕತೆರಿನೊಸ್ಲಾವ್, ಪೊಡಿಲ್ಯ ಎಂಬ ಆರು ಅಂಚೆ ವಲಯಗಳು ತಂತಮ್ಮ ಅಚ್ಚು ಮಾಡಿಸಿಕೊಂಡವು. ಕೆಲವು ಮುದ್ರಣಯಂತ್ರದಲ್ಲಿ ಆದವು, ಕೆಲವು ಕೈಯಲ್ಲಿ ಒತ್ತುವ ಠಸ್ಸೆಯಿಂದ. ಪೊಡಿಲ್ಯದಲ್ಲಂತೂ ಠಸ್ಸೆಗಳು ಹತ್ತಾರು, ಹೀಗಾಗಿ ತ್ರಿಶೂಲಗಳೂ ಹತ್ತಾರು ಬಗೆ. ನಿಮ್ಮ ಲೇಖನದಲ್ಲಿ ಇದೆಲ್ಲ ಚೀಟಿಗಳ ಬಗೆ, ಬೆಲೆ ಪಟ್ಟಿಮಾಡುವ ಕ್ಯಾಟಲಾಗ್‌ನಿಂದ ಇಳಿಸಿಕೊಂಡ ಕೋಷ್ಟಕವಾಗಿದೆ. ಕೋಷ್ಟಕ ಬೇಕಾದವರು ಕ್ಯಾಟಲಾಗ್ ಕೊಳ್ಳುತ್ತಾರೆ.

ಈಗ ಆ ಪ್ಯಾರಾಕ್ಕೆ ಬರುತ್ತೇನೆ. ನಿಮ್ಮ ಸೋದರಮಾವನ ಆಲ್ಬಮ್‌ನಲ್ಲಿದ್ದ ಏಳು ಕೊಪೆಕ್‌ನ (ರಷ್ಯದ ಚಿಲ್ಲರೆ ಕಾಸು) ನೀಲಿ ಚೀಟಿ. ‘ನೇರಳೆ ಶಾಯಿಯ ತ್ರಿಶೂಲ ಅಂಚೆ ಮುದ್ರೆಯ ಕಪ್ಪು ಗೆರೆಯನ್ನು ಮುಚ್ಚಿಕೊಂಡು ಹೊಳೆಯುತ್ತದೆ’ ಎಂದು ಬರೆದಿದ್ದೀರಿ. ಮುಂದಿನ ವಾಕ್ಯದಲ್ಲೇ, ಮುದ್ರೆಯ ತಾರೀಖು ಎಷ್ಟು ಸ್ಪಷ್ಟವೆಂದರೆ 12.3.17 ಎಂದು ಬರಿಗಣ್ಣಿಗೆ ಕಾಣುತ್ತದೆ ಎಂದು ಹೆಮ್ಮೆಪಟ್ಟಿದ್ದೀರಿ.

ಇನ್ನೊಮ್ಮೆ ಓದಿಕೊಳ್ಳಿ. ತ್ರಿಶೂಲ ಒತ್ತಿದ್ದು 1918ರ ಆಗಸ್ಟ್‌ನಲ್ಲಿ. ಚೀಟಿ ಅಂಚೆಯಲ್ಲಿ ಹೋಗಿದ್ದು ಅದಕ್ಕಿಂತ ಸುಮಾರು ಒಂದೂವರೆ ವರ್ಷ ಮೊದಲು. ಮದುವೆಗೆ ಮುಂಚೆ ನಾಮಕರಣ! ಮೊದಲು ತ್ರಿಶೂಲ, ಆಮೇಲೆ ಅಂಚೆ ಮುದ್ರೆ ಬಿದ್ದಿದ್ದರೆ, ಎರಡು ಶಾಯಿಗಳು ಹಾಯುವ ಕಡೆ ಕಪ್ಪು ಗೆರೆ ಮೇಲಿರಬೇಕಿತ್ತು. ಯಾರೋ ಬಳಸಿ ಬಿಸಾಡಿದ ಸಾದಾ ರಷ್ಯನ್ ಚೀಟಿಗೆ ಆಮೇಲೆ ತ್ರಿಶೂಲ ಒತ್ತಿದ್ದಾರೆ. ಇಂಥ ಮೋಸಗಾರನಿಗೆ ಬಂಡವಾಳವೇ ಬೇಡ. ಆ ನೀಲಿ ಚೀಟಿ ಲಕ್ಷಗಟ್ಟಲೆ ಅಚ್ಚಾದದ್ದು; ಬೆಲೆಯೆಲ್ಲ ಇರುವುದು ಮೇಲೊತ್ತಿದ ಮುದ್ರೆಯಲ್ಲಿ.

ನೀವೋ ಅದಕ್ಕೆ ಕ್ಯಾಟಲಾಗ್ ಬೆಲೆ ಕಟ್ಟಿ, ಅದನ್ನು ರೂಪಾಯಿಗೆ ತಿರುಗಿಸಿ, ದಪ್ಪಕ್ಷರದಲ್ಲಿ ಹಾಕಿದ್ದೀರಿ. ಕ್ಯಾಟಲಾಗ್ ಹೇಳುವುದು ಅಸಲಿಯ ಬೆಲೆ, ಅದೂ ಹರಾಜಿನಲ್ಲಿ ಕೈಗೆ ಬರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ತ್ರಿಶೂಲದ ಬಗೆ ಯಾವುದು, ಅದು ಆ ವಲಯದ ಊರಿನಲ್ಲಿ ಆ ತಿಂಗಳುಗಳಲ್ಲೇ ಬಳಕೆಯಾಯಿತೇ, ಲಕೋಟೆಯ ಮೇಲೋ ಮನಿ ಆರ್ಡರ್ ಫಾರಂನ ಮೇಲೋ ಅಂಟಿಕೊಂಡೇ ಉಳಿದಿದೆಯೇ, ಬಲ್ಲವರ ಪ್ರಮಾಣಪತ್ರ ಇದೆಯೇ, ಇವಿಷ್ಟು ಗೊತ್ತಾಗದೆ ಬೆಲೆಯ ಮಾತೆತ್ತಬಾರದು. ಹಿಂಬದಿಯಲ್ಲಿ ಪರೀಕ್ಷಕರ ಪುಟ್ಟ ಸಹಿಮುದ್ರೆ ಇದ್ದರೂ ಕಣ್ಣುಮುಚ್ಚಿ ನಂಬಬೇಡಿ, ಅದಕ್ಕೂ ನಕಲಿ ಇದೆ. ವಿಯೆನ್ನಾದಲ್ಲಿ ಅಚ್ಚಾದ ಹದಿನಾಲ್ಕು ಚೀಟಿಗಳ ಚೆಂದದ ಮಾಲೆಯನ್ನೂ ಅಪೂರ್ವ ಎಂದಿದ್ದೀರಿ. ಅವು ಬಳಕೆಗೇ ಬರಲಿಲ್ಲ. ಅಚ್ಚಾಗುವಷ್ಟರಲ್ಲಿ ಅವನ್ನು ಮಾಡಿಸಿದ ಉಕ್ರೇನಿನ ಸರ್ಕಾರದ ಕೈಯಲ್ಲಿ ನಾಡೇ ಉಳಿದಿರಲಿಲ್ಲ. ಚೀಟಿಗಳು ನೇರ ಸಂಗ್ರಾಹಕರ ಪಾಲಾದವು, ಇಂದಿಗೂ ಅಗ್ಗವಾಗಿ ಸಿಗುತ್ತವೆ.

ಬೇಸರ ಮಾಡಿಕೊಳ್ಳಬೇಡಿ. ಅಸಲಿ ಚೀಟಿಯ ಲೇಖನ ನನ್ನ ಮೇಜಿಗೆ ತಿಂಗಳಿಗೊಂದು ಬರುತ್ತದೆ. ಮನೆಯವರೆಲ್ಲ ನಿಧಿಯೆಂದು ಕಾದಿಟ್ಟ ಚೀಟಿ ಸುಳ್ಳೆಂದು ಅದರ ಮೇಲಿನ ತಾರೀಖೇ ಸಾರುವ ಲೇಖನ ಇದುವರೆಗೆ ಬಂದಿಲ್ಲ. ಅದನ್ನು ಬರೆಯಿರಿ. ಆ ನೀಲಿ ಚೀಟಿಯಿಂದಲೇ ಶುರುಮಾಡಿ. ನೀವು ಅದನ್ನು ನಂಬಿದ್ದನ್ನು ಮುಚ್ಚಿಡಬೇಡಿ. ಓದುಗನೂ ನಿಮ್ಮ ಜೊತೆ ನಂಬಲಿ, ಮೂರನೆಯ ಪುಟದ ಹೊತ್ತಿಗೆ ತಾರೀಖು ನೋಡಿ ಬೆಚ್ಚಲಿ. ಆರು ಪುಟ ಮೀರದಿರಲಿ.

ಎರಡು ಶಾಯಿಗಳು ಹಾಯುವ ಜಾಗದ ದೊಡ್ಡ ಚಿತ್ರವೊಂದು ಬೇಕು, ಹಿಂಬದಿಯದೂ ಒಂದು. ಅಲ್ಲಿ ಮಾವ ಪೆನ್ಸಿಲ್‌ನಲ್ಲಿ ಬೆಲೆ ಬರೆದಿಟ್ಟಿದ್ದಾರೆ ಎಂದಿದ್ದೀರಲ್ಲ, ಅದನ್ನು ಅಳಿಸಲು ಹೋಗಬೇಡಿ.

ಇತಿ,
ಸಂಪಾದಕ