‘ಮೊದಲಿನಂತಾಗುತ್ತದೆ’ ಎಂದು ಬರೆದ ಡಾಕ್ಟರರಿಗೆ

ಪ್ರಿಯ ಡಾಕ್ಟರರೇ,

ಪಾದದ ಕೀಲಿನ ಕಾರ್ಟಿಲೇಜ್ (ಕೀಲಿನೊಳಗೆ ಮೂಳೆಯ ಮೇಲಿರುವ ನುಣುಪಾದ ಹೊದಿಕೆ) ಮತ್ತು ಮೂಳೆಗೆ ಆಗುವ ಹಾನಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಕನ್ನಡದಲ್ಲಿ ಯಾರೂ ಹೆಚ್ಚು ಮುಟ್ಟದ ವಿಷಯ. ಆದರೆ ಎರಡು ವಾಕ್ಯಗಳನ್ನು ನನಗೆ ಸಹಿಸಲಾಗಲಿಲ್ಲ.

ಒಂದು: ‘ಕಾಲು ಉಳುಕಿದಾಗ ಎಕ್ಸ್‌ರೇ ತೆಗೆಸಿದರೆ ಹಾನಿ ಇದೆಯೋ ಇಲ್ಲವೋ ಸ್ಪಷ್ಟವಾಗುತ್ತದೆ.’ ಆಗುವುದಿಲ್ಲ, ನಿಮಗೇ ಗೊತ್ತು. ಕಾರ್ಟಿಲೇಜ್ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಅದರಡಿಯ ಟೇಲಸ್ ಎಂಬ ಪಾದದ ಕೀಲಿನ ಮೂಳೆಗೆ ಪೆಟ್ಟಾಗಿದ್ದರೂ ಎಷ್ಟೋ ಸಲ ಫಿಲ್ಮ್ ಚೊಕ್ಕವಾಗಿ ಬರುತ್ತದೆ. ಕಬಡ್ಡಿಯಲ್ಲಿ ಕಾಲು ತಿರುಚಿಕೊಂಡ ಹುಡುಗನೊಬ್ಬ ಇದನ್ನು ಓದುತ್ತಾನೆ ಅಂದುಕೊಳ್ಳಿ. ತಿಂಗಳುಗಳೇ ಕಳೆದಿವೆ. ಮೆಟ್ಟಿಲಿಳಿಯುವಾಗ ಕೀಲಿನ ಆಳದಲ್ಲೆಲ್ಲೋ ಚುಚ್ಚುತ್ತದೆ, ಸಂಜೆಗೆ ಬಾವು ಬರುತ್ತದೆ, ಒಮ್ಮೊಮ್ಮೆ ಕೀಲು ಸಿಕ್ಕಿಹಾಕಿಕೊಂಡಂತಾಗುತ್ತದೆ. ‘ಎಕ್ಸ್‌ರೇ ನಾರ್ಮಲ್ ಅಲ್ವೇನೋ’ ಎಂದು ಮನೆಯವರು ಗದರುತ್ತಿದ್ದಾರೆ. ನಿಮ್ಮ ವಾಕ್ಯ ಅವರ ಪರ ನಿಲ್ಲುತ್ತದೆ. ಕಾರ್ಟಿಲೇಜಿಗೆ ನರಗಳಿಲ್ಲ, ನೋವು ಹೊರಡುವುದು ಕೆಳಗಿನ ಮೂಳೆಯಿಂದ. ಮೂಳೆಯೊಳಗಿನ ಊತವನ್ನು ತೋರಿಸುವುದು ಎಂಆರ್‌ಐ. ಆಪರೇಷನ್ ಮಾತು ಬಂದಾಗ ಮೂಳೆಯ ಗಾಯ ಎಷ್ಟು ದೊಡ್ಡದು, ಒಳಗೆ ಪೊಳ್ಳಾಗಿದೆಯೇ ಎಂದು ಅಳೆಯಲು ಸಿಟಿ ಬೇಕು. ಇದೆಲ್ಲ ಎಲ್ಲಿ? ಈ ಗಾಯಗಳನ್ನು ವಿಂಗಡಿಸುವ 1959ರ ಬರ್ನ್ಟ್–ಹಾರ್ಟಿ ವರ್ಗೀಕರಣದ ನಾಲ್ಕು ಹಂತಗಳಿಗೆ ಒಂದಿಡೀ ಪ್ಯಾರಾ ಕೊಟ್ಟಿದ್ದೀರಿ. ಎಂಆರ್‌ಐ ಇಲ್ಲದ ಕಾಲದಲ್ಲಿ ಎಕ್ಸ್‌ರೇ ಆಧರಿಸಿ ಮಾಡಿದ್ದು ಅದು. ಆ ಜಾಗ ಈ ಹುಡುಗನಿಗೆ ಸಿಗಲಿ.

ನಾನು ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಆರೋಗ್ಯ ಪುಟದ ಹಿರಿಯರು ಪ್ರತಿ ಲೇಖನವನ್ನೂ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಚಿಕಿತ್ಸೆಯ ಮಾತು ಬಂದಲ್ಲೆಲ್ಲ ಕೈಯೆತ್ತಿ ನಿಲ್ಲಿಸಿ, ‘ಇದನ್ನ ಓದಿದೋನು ನಾಳೆ ಬೆಳಿಗ್ಗೆ ಏನ್ ಮಾಡ್ತಾನೆ?’ ಎಂದು ಕೇಳುತ್ತಿದ್ದರು. ಉತ್ತರವಿಲ್ಲದಿದ್ದರೆ ಕೆಂಪು ಗೆರೆ. ಮಂಡಿನೋವಿನ ಲೇಖನವೊಂದಕ್ಕೆ ಓದುಗರೊಬ್ಬರಿಂದ ಕಾರ್ಡು ಬಂತು: ‘ಗುಣವಾಗುತ್ತದೆ ಎಂದು ಬರೆದಿದ್ದೀರಿ. ಎಷ್ಟು ದಿನಕ್ಕೆ? ಬಿತ್ತನೆಗೆ ಮೊದಲೋ, ಆಮೇಲೋ?’ ಹಿರಿಯರು ಅದನ್ನು ನನ್ನ ಮೇಜಿನೆದುರು ಅಂಟಿಸಿದರು. ಇವತ್ತಿಗೂ ಆ ಕಾರ್ಡು ಕಣ್ಮುಂದಿಟ್ಟುಕೊಂಡೇ ನಾನು ಆರೋಗ್ಯ ಲೇಖನ ಓದುವುದು.

ಎರಡನೆಯ ವಾಕ್ಯಕ್ಕೆ ಸಿಟ್ಟೇ ಬಂತು: ‘ಸಣ್ಣ ಕೀಹೋಲ್ ಆಪರೇಷನ್ನಿನಿಂದ ಕಾರ್ಟಿಲೇಜ್ ಮತ್ತೆ ಬೆಳೆದು ಕೀಲು ಮೊದಲಿನಂತಾಗುತ್ತದೆ.’ ನೀವು ಹೇಳುತ್ತಿರುವುದು ಮೈಕ್ರೋಫ್ರಾಕ್ಚರ್. ಸಡಿಲವಾದ ಕಾರ್ಟಿಲೇಜನ್ನು ಕೆರೆದು ತೆಗೆದು, ಮೂಳೆಗೆ ಚಿಕ್ಕ ಚಿಕ್ಕ ರಂಧ್ರ ಮಾಡುತ್ತಾರೆ. ಮಜ್ಜೆಯ ರಕ್ತ ಹೊರಬಂದು ಹೆಪ್ಪುಗಟ್ಟಿ, ತಿಂಗಳುಗಳಲ್ಲಿ ನಾರಿನಂಥ ಕಾರ್ಟಿಲೇಜ್ ಆಗುತ್ತದೆ. ಗುಳಿ ತುಂಬುತ್ತದೆ, ಎಷ್ಟೋ ಜನರಿಗೆ ನೋವೂ ಇಳಿಯುತ್ತದೆ. ಆದರೆ ಹುಟ್ಟಿನಿಂದ ಬಂದ ನುಣುಪಾದ ಕಾರ್ಟಿಲೇಜ್ ಅದಲ್ಲ, ಅಷ್ಟು ಬಾಳಿಕೆಯದೂ ಅಲ್ಲ. ತೂತು ಸಣ್ಣದಿರಬಹುದು, ಊರುಗೋಲು ವಾರಗಟ್ಟಲೆ, ಓಟಕ್ಕೆ ಮರಳಲು ತಿಂಗಳುಗಟ್ಟಲೆ. ಗಾಯ ಸುಮಾರು 15 ಮಿಲಿಮೀಟರ್ ದಾಟಿದರೆ ಈ ವಿಧಾನದ ಫಲ ಕುಗ್ಗುತ್ತದೆ ಎಂಬುದು ಬಹುಕಾಲದ ಲೆಕ್ಕ; ಈಚೆಗೆ ಆ ಮಿತಿಯನ್ನು ಇನ್ನೂ ಕೆಳಗಿಳಿಸಿದ್ದಾರೆ. ಗಾಯ ಅಷ್ಟು ದೊಡ್ಡದಾಗಿದ್ದರೆ ಮಂಡಿಯಿಂದ ಕಾರ್ಟಿಲೇಜ್ ಸಮೇತ ಮೂಳೆಯ ತುಂಡು ತೆಗೆದು ಇಲ್ಲಿ ಕೂರಿಸಬೇಕಾಗಬಹುದು. ಅಲ್ಲಿಗೆ ತಲುಪಲು ಕೆಲವೊಮ್ಮೆ ಪಾದದ ಕೀಲಿನ ಒಳಬದಿಯಲ್ಲಿ ಉಬ್ಬಿರುವ ಗಂಟಿನ ಮೂಳೆಯನ್ನೇ ಕತ್ತರಿಸಿ ಮತ್ತೆ ಸ್ಕ್ರೂ ಹಾಕುತ್ತಾರೆ. ಚೆನ್ನಾಗಿದ್ದ ಮಂಡಿಗೂ ನೋವು ಬರುವ ಸಾಧ್ಯತೆಯಿದೆ. ನಿಮ್ಮ ಲೇಖನದಲ್ಲಿ ಮಂಡಿಯ ಸುದ್ದಿಯೇ ಇಲ್ಲ!

ಪೆಟ್ಟಾದ ತುಂಡು ಇದ್ದ ಜಾಗದಿಂದ ಕದಲದ ಗಾಯಗಳಿಗೆ, ಅದರಲ್ಲೂ ಮಕ್ಕಳಲ್ಲಿ, ಭಾರ ಹಾಕದೆ ಪ್ಲಾಸ್ಟರಿನಲ್ಲಿಟ್ಟು ಕಾಯುವುದೇ ಮೊದಲ ದಾರಿ ಎಂಬುದನ್ನು ಕೊನೆಯ ಸಾಲಿನಲ್ಲಿ ಸೇರಿಸಿದ್ದೀರಿ. ಅದನ್ನು ಆಪರೇಷನ್ನಿಗಿಂತ ಮೊದಲು ತನ್ನಿ. ಉಳಿದದ್ದರ ಬಗ್ಗೆ ನನ್ನ ತಕರಾರಿಲ್ಲ. ತಿದ್ದಿದ ಪ್ರತಿಯನ್ನು ನೇರ ನನಗೇ ಕಳಿಸಿ, ಬಂದ ದಿನವೇ ಓದುತ್ತೇನೆ.