ಗಾಡಿ ಪ್ರಶ್ನೋತ್ತರ: ಅಂಬಾಸಡರ್ ರೇಡಿಯೇಟರ್ ಬಿಚ್ಚುವುದು, ಮತ್ತೆ ಕೂರಿಸುವುದು

ಪ್ರಶ್ನೆ: ನಮ್ಮ ಮನೆಯಲ್ಲಿ ಅಪ್ಪನ ಕಾಲದ ಅಂಬಾಸಡರ್ ಇದೆ. 1984ರ ಮಾರ್ಕ್ 4, ಪೆಟ್ರೋಲ್. ಊರೊಳಗೆ ಓಡಾಡಲು ಏನೂ ತೊಂದರೆ ಇಲ್ಲ. ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತುತ್ತಾ ಎರಡು ಸಲ ಕುದಿಯಿತು. ಮೆಕ್ಯಾನಿಕ್‌ಗೆ ತೋರಿಸಿದರೆ "ರೇಡಿಯೇಟರ್ ಹೋಗಿದೆ, ಹೊಸ ಅಲ್ಯೂಮಿನಿಯಂದು ಹಾಕೋಣ, ಹಳೇದು ಇಲ್ಲೇ ಬಿಡಿ" ಅಂದರು. ನಾನೇ ಬಿಚ್ಚಿ ರಿಪೇರಿಗೆ ಕೊಡಬಹುದಾ ಸಾರ್? ಸ್ಪ್ಯಾನರ್ ಸೆಟ್ ಇದೆ, ಧೈರ್ಯ ಸ್ವಲ್ಪ ಕಡಿಮೆ. (ಓದುಗರು, ಹಾಸನ)

ಉತ್ತರ: ಧಾರಾಳವಾಗಿ ಬಿಚ್ಚಬಹುದು. ಈಗಿನ ಕಾರುಗಳಲ್ಲಿ ರೇಡಿಯೇಟರ್ ಮುಟ್ಟಬೇಕಾದರೆ ಬಂಪರ್, ಎಸಿ ಕಂಡೆನ್ಸರ್, ಎಲೆಕ್ಟ್ರಿಕ್ ಫ್ಯಾನ್, ಅದರ ವೈರುಗಳು ಅಂತ ಅರ್ಧ ಗಾಡಿ ಕಳಚಬೇಕು. ನಿಮ್ಮದರಲ್ಲಿ ಬಾನೆಟ್ ಎತ್ತಿದರೆ ಎರಡೂ ಕೈ ಹಾಕಿ ಕೆಲಸ ಮಾಡುವಷ್ಟು ಜಾಗ ಇದೆ. ಮೇಲೊಂದು ಹೋಸ್ ಪೈಪು, ಕೆಳಗೊಂದು, ಎರಡೂ ಪಕ್ಕ ಬೋಲ್ಟುಗಳು. ಮುಖ್ಯವಾಗಿ ಇಷ್ಟೇ.

"ಹಳೇದು ಇಲ್ಲೇ ಬಿಡಿ" ಅಂದರಲ್ಲ, ಅದನ್ನು ಮಾತ್ರ ಮಾಡಬೇಡಿ. ಅದು ತಾಮ್ರ, ಹಿತ್ತಾಳೆ. ಗುಜರಿಯವನು ತೂಕಕ್ಕೆ ದುಡ್ಡು ಕೊಡುತ್ತಾನೆ, ಅದು ನಿಮ್ಮ ಮೆಕ್ಯಾನಿಕ್‌ಗೂ ಗೊತ್ತು. ಅವರನ್ನು ಬೈಯುತ್ತಿಲ್ಲ, ಗೊತ್ತಿದೆ ಅಂತ ಹೇಳಿದೆ ಅಷ್ಟೇ. ಹಿತ್ತಾಳೆಯದ್ದನ್ನು ಬೆಸುಗೆ ಬಿಡಿಸಿ, ಒಳಗೆ ತೊಳೆದು, ಮತ್ತೆ ಬೆಸುಗೆ ಹಾಕಬಹುದು, ಕೋರ್ (ನೀರು ಓಡುವ ಸಣ್ಣ ಟ್ಯೂಬುಗಳಿರುವ ನಡುವಿನ ಜಾಲರಿ) ತೀರಾ ಹೋಗಿದ್ದರೆ ಕೋರ್ ಒಂದನ್ನೇ ಬದಲಾಯಿಸಬಹುದು, ಮೇಲಿನ ಕೆಳಗಿನ ಟ್ಯಾಂಕ್ ನಿಮ್ಮ ಗಾಡಿಯದ್ದೇ ಉಳಿಯುತ್ತದೆ.

ಬಿಚ್ಚುವ ಮುಂಚೆ ತಪ್ಪು ರೇಡಿಯೇಟರ್‌ದೇನಾ ಅಂತ ನೋಡಿಕೊಳ್ಳಿ. ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿ ಏರಿ, ಓಡುವಾಗ ಇಳಿದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಫ್ಯಾನ್ ಬೆಲ್ಟ್ ಸಡಿಲ ಇರಬಹುದು. ಊರೊಳಗೆ ಸರಿ ಇದ್ದು, ಘಾಟಿಯಲ್ಲಿ ಸೆಕೆಂಡ್ ಗೇರ್‌ನಲ್ಲಿ ಹತ್ತುವಾಗ ಕುದಿದರೆ ಕೋರ್ ಕಟ್ಟಿಕೊಂಡಿರುವ ಸಾಧ್ಯತೆ ಜಾಸ್ತಿ. ನಿಮ್ಮದು ಎರಡನೆಯದು. ಒಂದು ಸಣ್ಣ ಪರೀಕ್ಷೆ ಇದೆ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ, ಕೋರ್ ಮೇಲೆ ಅಂಗೈಯನ್ನು ಹುಷಾರಾಗಿ ಹತ್ತಿರ ಹಿಡಿದು ಸವರುತ್ತಾ ಬನ್ನಿ. ಸುತ್ತ ಎಲ್ಲಾ ಬಿಸಿ ಇದ್ದು ನಡುವೆ ಒಂದು ಕಡೆ ತಣ್ಣಗಿದ್ದರೆ ಅಲ್ಲಿ ನೀರು ಓಡುತ್ತಿಲ್ಲ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಅಂದರೆ ಪ್ಲಗ್ಗಿನ ಕಿಡಿ ತಡವಾಗಿ ಹಾರುತ್ತಿದ್ದರೂ, ಘಾಟಿಯಲ್ಲಿ ಕುದಿಯುತ್ತದೆ, ಬ್ರೇಕ್ ಹಿಡಿದುಕೊಂಡಿದ್ದರೂ ಕುದಿಯುತ್ತದೆ. ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ (ನೀರು ತುಂಬುವ ಬಾಯಿಯ ಮುಚ್ಚಳ) ತೆಗೆದು ಎಂಜಿನ್ ಶುರು ಮಾಡಿದರೆ ಒಂದೇ ಸಮನೆ ಗುಳ್ಳೆ ಬರುತ್ತಿದೆಯಾ? ಹಾಗಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಪ್ಯಾಕಿಂಗ್) ಅನುಮಾನ, ರೇಡಿಯೇಟರ್ ಪಾಪ ಏನೂ ಮಾಡಿಲ್ಲ.

ಕ್ಯಾಪ್ ಕೂಡ ನೋಡಿ. ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿದರೆ ಹಾಸನ, ಸಕಲೇಶಪುರದ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. 7 ಪೌಂಡ್ ಒತ್ತಡ ತಡೆಯುವ ಕ್ಯಾಪ್ ಸರಿಯಾಗಿ ಮುಚ್ಚಿಕೊಂಡರೆ ಹತ್ತು ಹನ್ನೆರಡು ಡಿಗ್ರಿ ಮೇಲೆ ಹೋಗುವ ತನಕ ತಡೆಯುತ್ತದೆ. ಕ್ಯಾಪ್‌ನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ ಆ ಹತ್ತು ಡಿಗ್ರಿ ಹೋಯಿತು. ಇಡೀ ಕೆಲಸದಲ್ಲಿ ತೀರಾ ಅಗ್ಗದ ರಿಪೇರಿ ಇದು, ಕೊನೆಗೆ ನೆನಪಾಗುವುದೂ ಇದೇ. ಆದರೆ ಹೊಸ ಗಾಡಿಯ 13, 15 ಪೌಂಡ್ ಕ್ಯಾಪ್ ತಂದು ಹಾಕಬೇಡಿ. ನಲವತ್ತು ವರ್ಷದ ಬೆಸುಗೆ ಆ ಒತ್ತಡ ತಡೆಯುವುದಿಲ್ಲ. ಹಳೇ ಕ್ಯಾಪ್ ಮೇಲೆ ಏನು ನಂಬರ್ ಇದೆಯೋ ಅದೇ ಇರಲಿ.

ಈಗ ಬಿಚ್ಚೋಣ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಬೆಳಿಗ್ಗೆ ಕಾಫಿ ಕುಡಿದು ಶುರು ಮಾಡಿದರೆ ಒಳ್ಳೆಯದು. ಎಲ್ಲದರ ಫೋಟೋ ಹೊಡೆದುಕೊಳ್ಳಿ. ಕೆಳಗೆ ಅಗಲ ಟಬ್ ಇಟ್ಟು, ಕ್ಯಾಪ್ ತೆಗೆದು, ರೇಡಿಯೇಟರ್ ತಳದ ನಲ್ಲಿ ಬಿಡಿ. ಎಂಜಿನ್ ಬ್ಲಾಕ್‌ಗೂ ಬೇರೆ ನಲ್ಲಿ ಇದೆ, ಅದನ್ನು ಮರೆಯಬೇಡಿ. ಅದನ್ನು ತಿರುಗಿಸಿದರೆ ಒಂದು ಹನಿಯೂ ಬರದೇ ಇರಬಹುದು. ನೀರಿಲ್ಲ ಅಂತಲ್ಲ, ತುಕ್ಕಿನ ಕೆಸರು ಬಾಯಿ ಕಟ್ಟಿದೆ. ಸಣ್ಣ ತಂತಿ ತೂರಿಸಿ ಆಡಿಸಿ. ಮೊದಲು ಕಂದು ಬಣ್ಣದ ಗಸಿ ಬೀಳುತ್ತದೆ, ಆಮೇಲೆ ನೀರು.

ಸ್ಪ್ಯಾನರ್ ಸೆಟ್ ಇದೆ ಅಂದಿರಿ. ಮಿಲಿಮೀಟರಿನದ್ದೋ ಇಂಚಿನದ್ದೋ? ಈ ಗಾಡಿಯ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸ, ಹಾಗಾಗಿ ಬೋಲ್ಟುಗಳು ಇಂಚಿನ ಲೆಕ್ಕದಲ್ಲಿ ಇರುತ್ತವೆ. ಅರ್ಧ ಇಂಚು ಅಂದರೆ 12.7 ಮಿಮೀ. 13ರ ಸ್ಪ್ಯಾನರ್ ಕೂತ ಹಾಗೇ ಅನ್ನಿಸುತ್ತದೆ, ಜೋರು ಹಾಕಿದಾಗ ಜಾರಿ ಬೋಲ್ಟಿನ ತಲೆ ಗುಂಡಗಾಗುತ್ತದೆ, ಗೆಣ್ಣು ಗ್ರಿಲ್‌ಗೆ ಹೊಡೆಯುತ್ತದೆ. 7/16, 1/2, 9/16 ಈ ಮೂರು ಇದ್ದರೆ ಹೆಚ್ಚುಕಡಿಮೆ ಕೆಲಸ ಆಯಿತು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ.

ಹೋಸ್ ಪೈಪು ಅಂಟಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಪೈಪ್ ಕೂರುವ ಹಿತ್ತಾಳೆ ಮೂತಿ ತೆಳು, ನೆಗ್ಗುತ್ತದೆ ಇಲ್ಲ ಬೆಸುಗೆಯಲ್ಲಿ ಸೀಳುತ್ತದೆ. ಹೊಸ ಪೈಪಿಗೆ ದೊಡ್ಡ ಖರ್ಚೇನಿಲ್ಲ, ಹಳೇದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಕಿತ್ತು ಹಾಕಿ. ಕೆಳಗಿನ ಪೈಪಿನೊಳಗೆ ಸ್ಪ್ರಿಂಗ್ ಇದ್ದರೆ ಅದನ್ನು ತೆಗೆದಿಟ್ಟುಕೊಂಡು ಹೊಸದಕ್ಕೆ ಹಾಕಿ. ಪಂಪ್ ನೀರು ಎಳೆಯುವಾಗ ಪೈಪ್ ಚಪ್ಪಟೆಯಾಗದಿರಲಿ ಅಂತ ಅದು ಇರುವುದು.

ಪಕ್ಕದ ಬೋಲ್ಟು ತೆಗೆದ ಮೇಲೆ ಎತ್ತುವುದೊಂದೇ ಬಾಕಿ. ಇಲ್ಲಿ ನನ್ನದೊಂದು ಕಥೆ ಇದೆ. ಮೊದಲ ಸಲ ಒಬ್ಬನೇ ಎತ್ತಿದೆ. ಒಂದು ಮೂಲೆ ಸಿಕ್ಕಿಕೊಂಡಿತು, ಸುಮ್ನೆ ಎಳೆದೆ, ರೇಡಿಯೇಟರ್ ಹಿಂದಕ್ಕೆ ವಾಲಿತು. ಫ್ಯಾನ್ ಬ್ಲೇಡಿನ ತುದಿ ಕೋರ್ ಮೇಲೆ ಕರ್ ಅಂತ ಗೀಚಿತು. ನಾಲ್ಕು ಬೆರಳು ಉದ್ದದ ಗೆರೆ, ಅದರ ಕೊನೆಯಲ್ಲಿ ಸೂಜಿ ಮೊನೆಯಷ್ಟು ತೂತು. ಸೋರದೇ ಇದ್ದ ರೇಡಿಯೇಟರನ್ನು ಸೋರುವ ಹಾಗೆ ಮಾಡಿಕೊಂಡು ಅಂಗಡಿಗೆ ಹೋದೆ. ಅವತ್ತಿನಿಂದ ಫ್ಯಾನ್ ಮತ್ತು ಕೋರ್ ನಡುವೆ ದಪ್ಪ ರಟ್ಟು ಇಳಿಬಿಡದೆ ಕೈ ಹಾಕುವುದಿಲ್ಲ. ಜಾಗ ಇಕ್ಕಟ್ಟು ಅನಿಸಿದರೆ ಫ್ಯಾನನ್ನೇ ಮೊದಲು ಬಿಚ್ಚಿ. ಎತ್ತಲು ಇನ್ನೊಬ್ಬರನ್ನು ಕರೆಯಿರಿ.

ಹೊರಗೆ ಬಂದ ಮೇಲೆ ಪೈಪಿನಿಂದ ನೀರು ತುಂಬಿ, ಕೆಳಗಿನ ಬಾಯಿಗೆ ಅಂಗೈ ಒತ್ತಿ ಹಿಡಿದು ತಟ್ಟನೆ ಬಿಡಿ. ಒಳ್ಳೆ ರೇಡಿಯೇಟರ್ ಗಳಗಳ ಅಂತ ಒಂದೇ ಸಲ ಖಾಲಿಯಾಗುತ್ತದೆ. ಕಟ್ಟಿಕೊಂಡಿದ್ದರೆ ಹಸು ಗಂಜಳ ಹೊಯ್ದ ಹಾಗೆ ನಿಧಾನಕ್ಕೆ ಸುರಿಯುತ್ತಲೇ ಇರುತ್ತದೆ.

ರೇಡಿಯೇಟರ್ ವರ್ಕ್ಸ್ ಅಂಗಡಿ ಹಾಸನದಲ್ಲೇ ಕೇಳಿ ನೋಡಿ, ಲಾರಿಯವರು ಹೋಗುವ ಅಂಗಡಿಯಾದರೆ ಇನ್ನೂ ಒಳ್ಳೆಯದು. ಸಿಗದಿದ್ದರೆ ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರಸ್ತೆ ಇದ್ದೇ ಇದೆ. "ಟ್ಯಾಂಕ್ ಬಿಚ್ಚಿ ರಾಡ್ ಹೊಡೆಯಿರಿ" ಅಂತ ಹೇಳಬೇಕು. ಆಸಿಡ್ ಹಾಕಿ ತೊಳೆದು ಕೊಡುತ್ತೇನೆ ಅಂದರೆ ಬೇಡ ಅನ್ನಿ, ಅದು ಬೆಸುಗೆಯನ್ನೂ ತಿನ್ನುತ್ತದೆ. ಆಗುವುದಾದರೆ ಮುಂದೆ ನಿಂತು ನೋಡಿ. ಬೆಂಕಿ ಹಿಡಿದು ಮೇಲಿನ ಟ್ಯಾಂಕ್ ಬಿಡಿಸುತ್ತಾರೆ, ಸಾಲಾಗಿ ಟ್ಯೂಬ್ ಬಾಯಿಗಳು ಕಾಣುತ್ತವೆ, ಅರ್ಧಕ್ಕೆ ಅರ್ಧ ಮುಚ್ಚಿರುತ್ತವೆ. ಚಪ್ಪಟೆ ಕಬ್ಬಿಣದ ಪಟ್ಟಿಯನ್ನು ಒಂದೊಂದರಲ್ಲೂ ಇಳಿಸಿ ಎಳೆದಾಗ ಫಿಲ್ಟರ್ ಕಾಫಿಯ ಗಸಿ ತರಹ ಬರುತ್ತದಲ್ಲ, ನಿಮ್ಮ ಶಿರಾಡಿ ಘಾಟಿಯ ಕಥೆ ಅಷ್ಟೂ ಅದರಲ್ಲಿದೆ. ಕೊನೆಗೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟು ಗುಳ್ಳೆ ನೋಡುತ್ತಾರೆ. ಕ್ಯಾಪ್ ಮೇಲಿನ ನಂಬರಿಗಿಂತ ಸ್ವಲ್ಪ ಜಾಸ್ತಿ ಗಾಳಿ ಸಾಕು. ಟೈರಿಗೆ ಹಾಕುವಷ್ಟು ಬಿಟ್ಟರೆ ಟ್ಯಾಂಕ್ ಉಬ್ಬುತ್ತದೆ.

ಅದು ಅಂಗಡಿಯಲ್ಲಿರುವಾಗ ನೀವು ಥರ್ಮೋಸ್ಟಾಟ್ ನೋಡಿ, ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಸಣ್ಣ ಬಾಗಿಲು ಅದು. ನಮ್ಮಲ್ಲಿ ಇದನ್ನು ಕಿತ್ತು ಬಿಸಾಡುವ ಚಟ ಇದೆ, "ಈ ಸೆಕೆಗೆ ಯಾಕೆ" ಅಂತ. ತಪ್ಪು. ಅದಿಲ್ಲದಿದ್ದರೆ ಎಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಅಡುಗೆಮನೆಯಿಂದ ಹಳೇ ಪಾತ್ರೆ ತಂದು ನೀರು ಕಾಯಿಸಿ, ದಾರದಲ್ಲಿ ಇಳಿಬಿಟ್ಟು ನೋಡಿ. ಅದರ ಮೇಲೆ 82 ಅಂತಿದ್ದರೆ ಆ ಬಿಸಿಯ ಹತ್ತಿರ ಬಾಯಿ ತೆರೆಯಲು ಶುರು ಮಾಡಬೇಕು. ಕುದಿಯುವ ನೀರಲ್ಲೂ ಮುಚ್ಚಿಕೊಂಡೇ ಇದ್ದರೆ ಘಾಟಿಯಲ್ಲಿ ಕುದಿದದ್ದಕ್ಕೆ ಅದೂ ಕಾರಣ.

ಕೂರಿಸುವಾಗ ಬಿಚ್ಚಿದ್ದರ ಉಲ್ಟಾ, ಆದರೆ ಅವಸರ ಬೇಡ. ರಬ್ಬರ್ ಪ್ಯಾಕಿಂಗ್ ಇದ್ದ ಕಡೆ ರಬ್ಬರ್ ಇರಲೇಬೇಕು, ಇಲ್ಲದಿದ್ದರೆ ರಸ್ತೆಯ ಕುಲುಕಾಟ ಎಲ್ಲಾ ಬೆಸುಗೆಗೆ ಹೋಗುತ್ತದೆ. ಬೋಲ್ಟುಗಳನ್ನು ಮೊದಲು ಕೈಯಲ್ಲೇ ಎಲ್ಲಾ ಹಿಡಿಸಿ, ಫ್ಯಾನ್ ಸುತ್ತ ಸಮ ಜಾಗ ಇದೆಯಾ ನೋಡಿ, ಆಮೇಲೆ ಬಿಗಿ ಮಾಡಿ. ಹೋಸ್ ಪೈಪ್ ಒಳಗೆ ಸೋಪಿನ ನೀರು ಸವರಿದರೆ ಜಾರಿ ಕೂರುತ್ತದೆ, ಗ್ರೀಸ್ ಹಚ್ಚಬೇಡಿ. ಕ್ಲಿಪ್ಪಿನ ಸ್ಕ್ರೂ ನಾಳೆ ಕೈಗೆ ಸಿಗುವ ಕಡೆ ಮುಖ ಮಾಡಿರಲಿ. ಫ್ಯಾನ್ ಬೆಲ್ಟನ್ನು ಉದ್ದದ ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ತಗ್ಗಬೇಕು.

ನೀರು ತುಂಬುವುದು ನಿಧಾನ. ಗಾಡಿಯ ಮೂತಿ ಸ್ವಲ್ಪ ಏರಿನಲ್ಲಿರಲಿ. ಮೇಲಿನ ಪೈಪನ್ನು ಹಿಸುಕುತ್ತಾ ತುಂಬಿ, ಒಳಗಿನ ಗಾಳಿ ಗುಳುಕ್ ಗುಳುಕ್ ಅಂತ ಹೊರಗೆ ಬರುತ್ತದೆ. ಕ್ಯಾಪ್ ಹಾಕದೆ ಎಂಜಿನ್ ಬಿಡಿ. ಥರ್ಮೋಸ್ಟಾಟ್ ತೆರೆದ ತಕ್ಷಣ ನೀರು ದಡಕ್ಕನೆ ಕೆಳಗಿಳಿಯುತ್ತದೆ, ಗಾಬರಿ ಬೇಡ, ಮತ್ತಷ್ಟು ಹಾಕಿ ಕ್ಯಾಪ್ ಮುಚ್ಚಿ.

ಪ್ರಶ್ನೆ: ರೇಡಿಯೇಟರ್ ರಿಪೇರಿ ಮಾಡಿಸಿ ತಿಂಗಳಾಯಿತು. ಕುತ್ತಿಗೆ ತನಕ ನೀರು ತುಂಬಿಸುತ್ತೇನೆ, ಮಾರನೇ ದಿನ ಒಂದು ಇಂಚು ಕಡಿಮೆ. ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಅಂಗಡಿಯವನ ಜೊತೆ ಜಗಳ ಆಡಿ ಬಂದೆ. (ಓದುಗರು, ಮೈಸೂರು)

ಉತ್ತರ: ಹೋಗಿ ಸಾರಿ ಕೇಳಿ. ಹಳೇ ಗಾಡಿಗಳಿಗೆ ಪಕ್ಕದಲ್ಲಿ ನೀರಿನ ಬಾಟಲಿ ಇಲ್ಲ. ಬಿಸಿಯಾದಾಗ ನೀರು ಹಿಗ್ಗುತ್ತದೆ, ಜಾಗ ಇಲ್ಲದಿದ್ದರೆ ಕ್ಯಾಪ್ ಪಕ್ಕದ ಸಣ್ಣ ಪೈಪಿನಿಂದ ರಸ್ತೆಗೆ ಉಗುಳುತ್ತದೆ. ಒಂದು ಇಂಚು ಕಡಿಮೆ ಇರುವುದೇ ಅದರ ಸರಿಯಾದ ಮಟ್ಟ. ಅಲ್ಲಿಂದಲೂ ಕೆಳಗೆ ಹೋಗುತ್ತಿದ್ದರೆ ಆಗ ಬರೆಯಿರಿ.

ಪ್ರಶ್ನೆ: ದಾರಿಯಲ್ಲಿ ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕಬೇಕು ಅಂತ ನಮ್ಮ ಹಳೇ ಡ್ರೈವರ್ ಹೇಳುತ್ತಿದ್ದರು. ನಿಜಾನಾ? (ಓದುಗರು, ಚಿತ್ರದುರ್ಗ)

ಉತ್ತರ: ನಿಜ, ಸಣ್ಣ ತೂತಾದರೆ ಪುಡಿ ಹೋಗಿ ಕೂತು ತಡೆಯುತ್ತದೆ, ಎಷ್ಟೋ ಲಾರಿಗಳು ಹಾಗೆ ಮನೆ ಸೇರಿವೆ. ಆದರೆ ತೂತು ಯಾವುದು, ಟ್ಯೂಬ್ ಯಾವುದು ಅಂತ ಅರಿಶಿನಕ್ಕೆ ಗೊತ್ತಾಗುವುದಿಲ್ಲ ಅಲ್ವಾ? ಎರಡನ್ನೂ ಮುಚ್ಚುತ್ತದೆ. ಮನೆ ಸೇರಿದ ದಿನವೇ ಖಾಲಿ ಮಾಡಿ ತೊಳೆಯಿರಿ. ಕುದಿಯುತ್ತಿರುವಾಗ ಮಾತ್ರ ಕ್ಯಾಪ್ ಮುಟ್ಟಬೇಡಿ, ಅರ್ಧ ಗಂಟೆ ಕಾಯಿರಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದು ಬ್ಲಾಕ್ ಸೀಳಿಸಿಕೊಂಡವರಿದ್ದಾರೆ.

ಪ್ರಶ್ನೆ: ನನ್ನದು ಪ್ರೀಮಿಯರ್ ಪದ್ಮಿನಿ. ನಮ್ಮ ಕಡೆ ಹಿಮ ಬೀಳುವುದಿಲ್ಲ, ಕೂಲೆಂಟ್ (ಹೆಪ್ಪುಗಟ್ಟದ ಹಾಗೆ, ತುಕ್ಕು ಹಿಡಿಯದ ಹಾಗೆ ರೇಡಿಯೇಟರ್ ನೀರಿಗೆ ಬೆರೆಸುವ ದ್ರವ) ಯಾಕೆ? ಬೋರ್‌ವೆಲ್ ನೀರು ಸಾಲದಾ? (ಓದುಗರು, ಧಾರವಾಡ)

ಉತ್ತರ: ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯ ಒಳಗೆ ಕೈ ಹಾಕಿ ನೋಡಿ. ಬಿಳಿ ಪದರ ಕಟ್ಟಿದೆಯಲ್ಲ, ಅದೇ ರೇಡಿಯೇಟರ್ ಟ್ಯೂಬಿನಲ್ಲೂ ಕಟ್ಟುತ್ತದೆ. ಪದ್ಮಿನಿಯಲ್ಲಿ ಇನ್ನೂ ಒಂದು ವಿಷಯ ಇದೆ. ಅದರ ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ, ರೇಡಿಯೇಟರ್ ಹಿತ್ತಾಳೆ. ಮೂರು ಲೋಹ, ನಡುವೆ ಉಪ್ಪುನೀರು, ಯಾವುದಾದರೂ ಒಂದು ಕರಗಲೇಬೇಕು, ಸಾಮಾನ್ಯವಾಗಿ ಅಲ್ಯೂಮಿನಿಯಂ ಸೋಲುತ್ತದೆ. ಅಂಬಾಸಡರ್‌ನ ಕಬ್ಬಿಣದ ಹೆಡ್ ಒಂದೆರಡು ಸಲ ಕುದಿದರೂ ಹೇಗೋ ಸುಧಾರಿಸಿಕೊಳ್ಳಬಹುದು, ಪದ್ಮಿನಿಯದು ಬೇಗ ಸೊಟ್ಟಗಾಗುತ್ತದೆ. ಅರ್ಧ ಹಸಿರು ಕೂಲೆಂಟ್, ಅರ್ಧ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಹಾಕಿ. ಕೊಳ್ಳುವಾಗ ತಾಮ್ರ, ಹಿತ್ತಾಳೆ, ಬೆಸುಗೆಗೆ ಆಗುತ್ತದೆ ಅಂತ ಡಬ್ಬಿ ಮೇಲೆ ಓದಿಕೊಳ್ಳಿ. ತೆಗೆದ ಹಳೇ ಕೂಲೆಂಟನ್ನು ಟಬ್‌ನಲ್ಲಿ ಹಾಗೇ ಬಿಟ್ಟು ಒಳಗೆ ಹೋಗಬೇಡಿ. ಅದು ಸಿಹಿ, ನಾಯಿ ನೆಕ್ಕುತ್ತದೆ, ಅದು ವಿಷ. ಮುಚ್ಚಳ ಇರುವ ಕ್ಯಾನಿಗೆ ಸುರಿದು ಗ್ಯಾರೇಜಿಗೆ ಕೊಡಿ.