ಓದುಗರ ಪ್ರಶ್ನೆ: ಮಳೆಗಾಲದಲ್ಲೂ ನಂಬಬಹುದಾದ ಆಪರೇಟಿಂಗ್ ಸಿಸ್ಟಂ ಯಾವುದು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ವಿಂಡೋಸ್ 10 ಇರುವ ಎರಡು ಕಂಪ್ಯೂಟರ್‌ಗಳಿವೆ. ಮುಂಗಾರು ಹಿಡಿದ ಮೇಲೆ ಒಂದು ಕಂಪ್ಯೂಟರ್ ಕೆಲಸದ ನಡುವೆಯೇ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಇನ್ನೊಂದು ಯಾವ ಸೂಚನೆಯೂ ಇಲ್ಲದೆ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಲಿನಕ್ಸ್ ಹಾಕಿಸಿದರೆ ಈ ತಾಪತ್ರಯವೇ ಇರುವುದಿಲ್ಲ ಎಂದು ಬೆಂಗಳೂರಿನಲ್ಲಿರುವ ಅಣ್ಣನ ಮಗ ಹೇಳುತ್ತಾನೆ. ಮ್ಯಾಕ್ ಕೊಳ್ಳೋಣ ಎಂದು ನಮ್ಮ ನಿರ್ದೇಶಕರೊಬ್ಬರು ಹೇಳುತ್ತಾರೆ. ಮೂರರಲ್ಲಿ ಯಾವುದು ಹೆಚ್ಚು ಸ್ಥಿರವೆಂದು ದಯವಿಟ್ಟು ತಿಳಿಸಿ.

ಉತ್ತರ: ಸಂಘದ ಹಣ ಖರ್ಚು ಮಾಡುವ ಮೊದಲು ಎರಡು ಕಂಪ್ಯೂಟರ್‌ಗಳ ತೊಂದರೆಯನ್ನು ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಅವುಗಳ ಕಾರಣ ಒಂದೇ ಆಗಿರುವ ಸಾಧ್ಯತೆ ಕಡಿಮೆ. ತಾನಾಗಿ ರೀಸ್ಟಾರ್ಟ್ ಆಗುವ ಕಂಪ್ಯೂಟರ್‌ನಲ್ಲಿ ‘ಇವೆಂಟ್ ವ್ಯೂವರ್’ ತೆರೆದು, ‘ವಿಂಡೋಸ್ ಲಾಗ್ಸ್’ನ ಒಳಗಿರುವ ‘ಸಿಸ್ಟಂ’ ಪಟ್ಟಿಯಲ್ಲಿ ‘ಕರ್ನಲ್-ಪವರ್’ ಹೆಸರಿನ, 41ನೇ ಸಂಖ್ಯೆಯ ದಾಖಲೆ ಇದೆಯೇ ನೋಡಿ. ಕಂಪ್ಯೂಟರ್ ಸರಿಯಾಗಿ ಮುಚ್ಚದೆಯೇ ಮತ್ತೆ ಶುರುವಾಗಿದೆ ಎಂಬುದು ಅದರ ಅರ್ಥ. ಅದರ ವಿವರದಲ್ಲಿ ‘ಬಗ್‌ಚೆಕ್ ಕೋಡ್’ ಸೊನ್ನೆ ಎಂದಿದ್ದರೆ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ತನ್ನು, ಅಂದರೆ ಕರೆಂಟ್, ಯುಪಿಎಸ್ ಬ್ಯಾಟರಿ ಅಥವಾ ಕಂಪ್ಯೂಟರ್‌ನೊಳಗಿನ ಪವರ್ ಸಪ್ಲೈಯನ್ನು. ಮಳೆಗಾಲದಲ್ಲಿ ಗಾಳಿಗೆ ಕೊಂಬೆ ತಂತಿಗೆ ತಾಗಿ ಕರೆಂಟ್ ಕ್ಷಣಮಾತ್ರ ಹೋಗಿ ಬರುವುದು ನಮ್ಮ ಕಡೆ ದಿನನಿತ್ಯದ ಸಂಗತಿ. ದೀಪ ಮಿನುಗಿದ್ದನ್ನು ನಾವು ಗಮನಿಸುವುದೂ ಇಲ್ಲ, ಆದರೆ ಅಷ್ಟರಲ್ಲಿ ಕಂಪ್ಯೂಟರ್ ಸತ್ತು ಹುಟ್ಟಿರುತ್ತದೆ. ನಿಮ್ಮಲ್ಲಿರುವುದು ಯುಪಿಎಸ್ ಅಲ್ಲದೆ ಇನ್ವರ್ಟರ್ ಆಗಿದ್ದರೆ ಅದರ ಹಿಂಬದಿಯ ಸ್ವಿಚ್ ‘ನಾರ್ಮಲ್’ನಲ್ಲಿದೆಯೇ ‘ಯುಪಿಎಸ್’ನಲ್ಲಿದೆಯೇ ಎಂದು ಇವತ್ತೇ ನೋಡಿ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ಆರಿಹೋಗಬಹುದು. ಈ ತೊಂದರೆಯನ್ನು ಲಿನಕ್ಸ್ ಆಗಲಿ ಮ್ಯಾಕ್ ಆಗಲಿ ಪರಿಹರಿಸುವುದಿಲ್ಲ.

ನೀಲಿ ಪರದೆಯ ವಿಷಯ ಬೇರೆ. ಸಿಸ್ಟಂನ ತಿರುಳಾದ ಕರ್ನಲ್, ಮೆಮೊರಿಯಲ್ಲಿ ಇರಬಾರದ್ದೇನನ್ನೋ ಕಂಡಾಗ, ಆ ತಪ್ಪು ಡಿಸ್ಕ್‌ಗೂ ಹರಡದಿರಲೆಂದು ತಾನಾಗಿ ಎಲ್ಲವನ್ನೂ ನಿಲ್ಲಿಸುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲೂ ಇದೇ ಏರ್ಪಾಡು ‘ಕರ್ನಲ್ ಪ್ಯಾನಿಕ್’ ಎಂಬ ಹೆಸರಿನಲ್ಲಿದೆ. ವಿಂಡೋಸ್‌ಗೆ ಬಂದ ಕೆಟ್ಟ ಹೆಸರಿನ ಬಹುಪಾಲು ವಿಂಡೋಸ್ 95, 98 ಮತ್ತು ಎಂಇಗಳ ಕಾಲದ್ದು. ಆಗ ಅದು ಡಾಸ್ ಎಂಬ ಹಳೆಯ ಸಿಸ್ಟಂನ ಬುನಾದಿಯ ಮೇಲೆ ನಿಂತಿತ್ತು, ಮತ್ತು ಸಿಸ್ಟಂನ ಮೆಮೊರಿಯ ಕೆಲವು ಭಾಗಗಳನ್ನು ಸಾಮಾನ್ಯ ಪ್ರೋಗ್ರಾಂ ಕೂಡ ಕೆಡಿಸಬಹುದಿತ್ತು. 1993ರಲ್ಲಿ ಕಚೇರಿಗಳಿಗಾಗಿ ಬಂದ ಎನ್‌ಟಿ ಕರ್ನಲ್ 2001ರಲ್ಲಿ ಎಕ್ಸ್‌ಪಿಯ ಮೂಲಕ ಮನೆಗಳಿಗೂ ಬಂದ ಮೇಲೆ ಆ ದೋಷ ಬಹುತೇಕ ಮುಗಿಯಿತು.

ಇಂದು ಮೂರೂ ಸಿಸ್ಟಂಗಳ ಕರ್ನಲ್‌ಗಳು ದಶಕಗಳ ಕಾಲ ಪಳಗಿವೆ. ಅವು ಕುಸಿಯುವುದು ಹೆಚ್ಚಾಗಿ ಕೆಟ್ಟ ಹಾರ್ಡ್‌ವೇರ್‌ನಿಂದ, ಇಲ್ಲವೇ ಕರ್ನಲ್‌ನೊಳಗೆ ಪ್ರವೇಶ ಪಡೆದ ಹೊರಗಿನವರ ಡ್ರೈವರ್‌ನಿಂದ, ಅಂದರೆ ಸಿಸ್ಟಂ ಜೊತೆ ಯಾವುದೋ ಸಾಧನ ಅಥವಾ ಸೇವೆಯನ್ನು ಬೆಸೆಯುವ ಪುಟ್ಟ ಪ್ರೋಗ್ರಾಂನಿಂದ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಲ್ಲಿ ಕುಸಿದದ್ದು ಆ ಕಂಪನಿಯ ಡ್ರೈವರ್, ಆದರೆ ಅದು ಕರ್ನಲ್‌ನೊಳಗೆ ಕುಳಿತಿದ್ದರಿಂದ ಇಡೀ ವಿಂಡೋಸನ್ನೇ ಎಳೆದುಕೊಂಡು ಬಿತ್ತು. ಹೊರಗಿನವರನ್ನು ಕರ್ನಲ್‌ನೊಳಗೆ ಎಷ್ಟು ಬಿಡಬೇಕು ಎಂಬ ವಿಷಯದಲ್ಲಿ ಮ್ಯಾಕ್ ತಯಾರಿಸುವ ಆಪಲ್ ಹೆಚ್ಚು ಬಿಗಿಯಾಗಿದೆ. 2019ರ ಕ್ಯಾಟಲೀನಾ ಆವೃತ್ತಿಯಿಂದ ಅದು ಇಂಥ ಡ್ರೈವರ್‌ಗಳನ್ನು ಕರ್ನಲ್‌ನ ಹೊರಗೆ ಕಳಿಸತೊಡಗಿತು, ಮತ್ತು ತಾನೇ ತಯಾರಿಸಿದ ಕೆಲವೇ ಮಾದರಿಗಳ ಮೇಲೆ ಓಡುವುದರಿಂದ ಅದಕ್ಕೆ ಪರೀಕ್ಷಿಸುವುದೂ ಸುಲಭ. ನನ್ನ ಮಟ್ಟಿಗೆ ಮ್ಯಾಕ್‌ನ ಸ್ಥಿರತೆಯ ಗುಟ್ಟು ಇದೇ. ಆದರೆ ಈಗಿನ ಮ್ಯಾಕ್‌ಗಳಲ್ಲಿ ರ‍್ಯಾಮ್ (ಕೆಲಸದ ಮೆಮೊರಿಯ ಚಿಪ್) ಬದಲಿಸಲು ಬರುವುದಿಲ್ಲ, ಮತ್ತು ಸಂಘದ ಲೆಕ್ಕದ ತಂತ್ರಾಂಶ ವಿಂಡೋಸ್‌ಗೆಂದೇ ಬರೆದದ್ದಾಗಿದ್ದರೆ ಆ ಖರ್ಚಿಗೆ ಅರ್ಥವಿಲ್ಲ.

ನಿಮ್ಮ ಅಣ್ಣನ ಮಗ ಹೇಳಿದ್ದರಲ್ಲೂ ಸತ್ಯವಿದೆ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿರುವುದೆಲ್ಲವೂ ಲಿನಕ್ಸ್. ಆದರೆ ಅವು ಹವಾನಿಯಂತ್ರಿತ ಕೋಣೆಯಲ್ಲಿ, ತಪ್ಪು ತಿದ್ದಿಕೊಳ್ಳುವ ಇಸಿಸಿ ಮೆಮೊರಿಯೊಂದಿಗೆ, ನಿರಂತರ ವಿದ್ಯುತ್ತಿನಲ್ಲಿ, ಗೊತ್ತಿರುವ ಕೆಲಸವನ್ನಷ್ಟೇ ಮಾಡುವ ಯಂತ್ರಗಳು. ಸಂಘದ ಮೇಜಿನ ಮೇಲಿನ ಲಿನಕ್ಸ್‌ಗೆ ಹಳೆಯ ಪ್ರಿಂಟರ್, ಗ್ರಾಫಿಕ್ಸ್ ಕಾರ್ಡ್ ಮತ್ತು ವೈಫೈಗಳ ಡ್ರೈವರ್ ಹೊಂದಬೇಕಾಗುತ್ತದೆ. ಅನೇಕ ಕಚೇರಿಗಳಲ್ಲಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನು ಲಿನಕ್ಸ್‌ನಲ್ಲಿ ಓಡಿಸಲು ಒದ್ದಾಡಿದವರಿಗೆ ಇದು ಗೊತ್ತು.

ನಿಮ್ಮ ನೀಲಿ ಪರದೆಯ ಕಂಪ್ಯೂಟರ್ ಮಳೆಗಾಲದಲ್ಲೇ ಕೈಕೊಡುತ್ತಿರುವುದರಿಂದ ನಾನು ಮೊದಲು ರ‍್ಯಾಮನ್ನು ಅನುಮಾನಿಸುತ್ತೇನೆ. ತೇವದಿಂದ ಅದರ ಅಂಚಿನ ಸಂಪರ್ಕ ಹಾಳಾಗುವುದುಂಟು. ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಒಮ್ಮೆ ಓಡಿಸಿ. ತಪ್ಪು ತೋರಿಸಿದರೆ ರಿಪೇರಿಯವರಿಂದ ರ‍್ಯಾಮ್ ತೆಗೆಸಿ, ಅಂಚು ಒರೆಸಿ ಕೂರಿಸಿ ಮತ್ತೆ ಪರೀಕ್ಷಿಸಿ, ಆಗಲೂ ತಪ್ಪು ಬಂದರೆ ಬದಲಿಸಿ.

ಕೊನೆಯದಾಗಿ, ನೀವು ಕೇಳದಿದ್ದರೂ ಸಂಘಕ್ಕೆ ಹೆಚ್ಚು ಮುಖ್ಯವಾದದ್ದು: ಕಂಪ್ಯೂಟರ್ ಬಿದ್ದೆದ್ದ ಮೇಲೆ ಸದಸ್ಯರ ಲೆಕ್ಕ ಉಳಿದಿರುತ್ತದೆಯೇ? ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಎಕ್ಸ್ಟ್4 ಕಡತ ವ್ಯವಸ್ಥೆಗಳು ಯಾವುದೇ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಂಡು ನಂತರ ಜಾರಿಗೆ ತರುತ್ತವೆ. ಕಿರ್ದಿಯಲ್ಲಿ ಬರೆದ ಮೇಲೆ ಖತಾವಣಿಗೆ ಏರಿಸುವ ನಿಮ್ಮ ಪದ್ಧತಿಯಂತೆಯೇ ಇದು. ಆದರೆ ಸಾಮಾನ್ಯವಾಗಿ ಈ ಜರ್ನಲ್ ಕಾಪಾಡುವುದು ಕಡತಗಳ ಹೆಸರು, ಜಾಗ, ಗಾತ್ರಗಳ ವ್ಯವಸ್ಥೆಯನ್ನು. ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ವಿವರವನ್ನಲ್ಲ. ಹಾಗಾಗಿ ಸಂಜೆ ಬಾಗಿಲು ಹಾಕುವ ಮುನ್ನ ಬ್ಯಾಕಪ್ ತೆಗೆದು, ಅದರ ಒಂದು ಪ್ರತಿ ಕಚೇರಿಯ ಹೊರಗೆ ಇರುವಂತೆ ನೋಡಿಕೊಳ್ಳಿ. ಈ ಶಿಸ್ತು ಇಲ್ಲದ ಲಿನಕ್ಸ್‌ಗಿಂತ ಇದು ಇರುವ ವಿಂಡೋಸನ್ನು ನಾನು ಹೆಚ್ಚು ನಂಬುತ್ತೇನೆ.

ಪ್ರಶ್ನೆ: ಸಾಗರದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ನಮ್ಮ ಲ್ಯಾಬ್‌ನಲ್ಲಿರುವುದು ಇಂಟೆಲ್ 7ನೇ ತಲೆಮಾರಿನ ಕಂಪ್ಯೂಟರ್‌ಗಳು. ವಿಂಡೋಸ್ 10 ಮುಗಿಯಿತಂತೆ. ಲಿನಕ್ಸ್‌ಗೆ ಹೋಗುವುದಾದರೆ ಯಾವುದು ಸ್ಥಿರ? ಕನ್ನಡ ಟೈಪಿಂಗ್ ಮಾಡಬಹುದೇ?

ಉತ್ತರ: ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತಿವೆ, ಕಂಪ್ಯೂಟರ್ ನಿಲ್ಲುವುದಿಲ್ಲ, ಆದರೆ ಹೊಸದಾಗಿ ಪತ್ತೆಯಾಗುವ ಬಿರುಕುಗಳಿಗೆ, ವಿಸ್ತರಿತ ಅಪ್‌ಡೇಟ್ ಯೋಜನೆಗೆ ಸೇರದಿದ್ದರೆ, ತೇಪೆ ಬರುವುದಿಲ್ಲ. ಇಂಟರ್‌ನೆಟ್ ಇರುವ ಲ್ಯಾಬ್‌ಗೆ ಅದು ಸರಿಯಲ್ಲ. ವಿಂಡೋಸ್ 11 ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮುಂದಿನದನ್ನೇ ಕೇಳುವುದರಿಂದ ನಿಮ್ಮ ಸಂದರ್ಭದಲ್ಲಿ ಲಿನಕ್ಸ್ ಒಳ್ಳೆಯ ದಾರಿ. ಲಿನಕ್ಸ್‌ನ ಬಗೆಗಳಾದ ಡೆಬಿಯನ್‌ನ ಸ್ಟೇಬಲ್ ಆವೃತ್ತಿ ಅಥವಾ ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ) ಆವೃತ್ತಿ ಆರಿಸಿಕೊಳ್ಳಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಬಹುತೇಕ ತಂತ್ರಾಂಶಗಳ ಆವೃತ್ತಿ ಬದಲಾಗದೆ, ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿಗಳು ಮಾತ್ರ ಬರುತ್ತವೆ. ಮಕ್ಕಳು ಸೋಮವಾರ ಕಂಡ ಮೆನು ಶನಿವಾರವೂ ಹಾಗೆಯೇ ಇರುತ್ತದೆ. ಆರ್ಚ್‌ನಂತೆ ದಿನವೂ ಹೊಸದಾಗುತ್ತಿರುವ ಲಿನಕ್ಸ್‌ಗಳು ಆಸಕ್ತರಿಗೆ ಸರಿ, ಲ್ಯಾಬ್‌ಗೆ ಬೇಡ. ಕೀಲಿಮಣೆಯ ಆಯ್ಕೆಗಳಲ್ಲಿ ಕನ್ನಡದ ‘ಕಗಪ’ ವಿನ್ಯಾಸ ಇರುವುದರಿಂದ ‘ನುಡಿ’ ತಂತ್ರಾಂಶ ರೂಢಿಯಾದವರಿಗೆ ಕಷ್ಟವಾಗದು. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್, ಪ್ರೊಜೆಕ್ಟರ್, ಧ್ವನಿ ಇವೆಲ್ಲ ಸರಿಯಿದ್ದರಷ್ಟೇ ಡಿಸ್ಕ್‌ಗೆ ಹಾಕಿ.

ಪ್ರಶ್ನೆ: ವರ್ಷಗಟ್ಟಲೆ ರೀಸ್ಟಾರ್ಟ್ ಮಾಡದೆ ಓಡುವುದೇ ಒಳ್ಳೆಯ ಸಿಸ್ಟಂನ ಲಕ್ಷಣವೇ? (ಶಿವಮೊಗ್ಗದ ವಿದ್ಯಾರ್ಥಿ)

ಉತ್ತರ: ಓಡುವ ಸಾಮರ್ಥ್ಯ ಇರಬೇಕು. ವಿಂಡೋಸ್ 95 ಮತ್ತು 98ರಲ್ಲಿ ಮಿಲಿಸೆಕೆಂಡುಗಳನ್ನು ಎಣಿಸುವ 32 ಬಿಟ್‌ನ ಲೆಕ್ಕ 49.7 ದಿನಕ್ಕೆ ತುಂಬಿ, ಕಂಪ್ಯೂಟರ್ ಸ್ತಬ್ಧವಾಗುವ ದೋಷವಿತ್ತು. ಈಗ ಅಂಥ ಮಿತಿಯಿಲ್ಲ. ಆದರೆ ಕರ್ನಲ್‌ನ ಭದ್ರತಾ ತೇಪೆಗಳು ಸಾಮಾನ್ಯವಾಗಿ ರೀಸ್ಟಾರ್ಟ್ ಆದ ಮೇಲೆಯೇ ಜಾರಿಗೆ ಬರುವುದರಿಂದ, ಮೂರು ವರ್ಷ ಹಾಗೆಯೇ ಓಡಿದ ಲಿನಕ್ಸ್ ಸರ್ವರ್ ಮೂರು ವರ್ಷದ ಹಳೆಯ ರಂಧ್ರಗಳನ್ನೂ ಹೊತ್ತಿರಬಹುದು. ನಿಮ್ಮದು ವಿಂಡೋಸ್ ಆಗಿದ್ದರೆ, ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇರುವಾಗ ‘ಶಟ್ ಡೌನ್’ ಒತ್ತಿದರೆ ಕರ್ನಲ್‌ನ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮರುದಿನ ಹಾಗೆಯೇ ಎದ್ದು ಬರುತ್ತದೆ. ಹೊಸದಾಗಿ ಶುರುವಾಗಬೇಕೆಂದಿದ್ದರೆ ‘ರೀಸ್ಟಾರ್ಟ್’ ಒತ್ತಿ.